ದುಡಿಯದೆ ಓದಿದ ಒಂದು ವರ್ಷ

2018ರ ಜೂನ್ 4ರಂದು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಪ್ರಕಟವಾದಾಗ ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ನಮ್ಮೂರಿನಿಂದ ಸೈಕಲ್ ತುಳಿದುಕೊಂಡು ಪೇಟೆಗೆ ಹೋಗಿ, ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅಂಕಗಳ ಪ್ರತಿ ತೆಗೆಸಿಕೊಂಡೆ. 720ಕ್ಕೆ 170 ಬಂದಿತ್ತು. ಆ ವರ್ಷ ಅರ್ಹತೆಯ ಗೆರೆ ಸಾಮಾನ್ಯ ವರ್ಗಕ್ಕೆ 119, ಪರಿಶಿಷ್ಟ ಜಾತಿಯ ನನ್ನಂಥವರಿಗೆ 96 ಇದ್ದುದರಿಂದ ಯಾವ ಲೆಕ್ಕದಲ್ಲಿ ನೋಡಿದರೂ ನಾನು ಅರ್ಹನಾಗಿದ್ದೆ. ‘ಪಾಸಾಗೀಯಲ್ಲೋ’ ಎಂದು ಅಂಗಡಿಯವನು ಬೆನ್ನು ತಟ್ಟಿದ. ಅಪ್ಪ ಆ ಸಂಜೆ ಅರ್ಧ ಕಿಲೊ ಬೂಂದಿ ತಂದು ಓಣಿಯಲ್ಲಿ ಹಂಚಿದ. ಮಗ ಡಾಕ್ಟರಾದ ಎಂದೇ ಓಣಿಯವರು ತಿಳಿದರು. ಎರಡು ದಿನ ನಾನೂ ಹಾಗೆಯೇ ತಿಳಿದಿದ್ದೆ.

ಮೂರನೆಯ ದಿನ ಪಿಯು ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರು ನನ್ನನ್ನು ಕೂರಿಸಿಕೊಂಡು, ಅರ್ಹತೆ ಬೇರೆ, ಸೀಟು ಬೇರೆ ಎಂಬುದನ್ನು ತಿಳಿಹೇಳಿದರು. ಪರೀಕ್ಷೆ ಬರೆದವರಲ್ಲಿ ಮೀಸಲಾತಿ ವರ್ಗದವರು 40ನೇ ಪರ್ಸೆಂಟೈಲ್ ದಾಟಿದರೆ (ನೂರಕ್ಕೆ ನಲವತ್ತು ಮಂದಿಗಿಂತ ಮುಂದಿದ್ದರೆ) ಅರ್ಹರು ಎನಿಸಿಕೊಳ್ಳುತ್ತಾರೆ, ಅಂದರೆ ಸೀಟು ಹಂಚುವ ಕೌನ್ಸೆಲಿಂಗ್ ಸರದಿಯಲ್ಲಿ ನಿಲ್ಲಲು ಅವರಿಗೆ ಅವಕಾಶವಿದೆ ಎಂದಷ್ಟೇ ಅದರ ಅರ್ಥ. ಸರ್ಕಾರಿ ಕಾಲೇಜಿನ ಸೀಟು ಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಅಂಕ ಬೇಕು, ಖಾಸಗಿ ಕಾಲೇಜಿನ ಸೀಟು ಬೇಕಾದರೆ ನಮ್ಮ ಮನೆಯಲ್ಲಿ ಯಾರೂ ಎಣಿಸಿ ನೋಡಿರದಷ್ಟು ಹಣ ಬೇಕು. ಇದನ್ನು ಅಪ್ಪನಿಗೆ ಹೇಗೆ ಹೇಳಬೇಕೆಂದು ತಿಳಿಯದೆ ನಾನು ಏನನ್ನೂ ಹೇಳಲಿಲ್ಲ. ಹಂಚಿದ ಬೂಂದಿಯನ್ನು ಮರಳಿ ಕೇಳುವ ಹಾಗೆ ಅದು ಆಗುತ್ತಿತ್ತು. ಜೂನ್ ಎರಡನೇ ವಾರ ಊರಿನ ಹತ್ತು ಹನ್ನೆರಡು ಮಂದಿಯ ಜೊತೆ ಬೆಂಗಳೂರಿಗೆ ಗುಳೆ ಹೊರಟು, ಕೆಂಗೇರಿಯ ಆಚೆ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಇಟ್ಟಿಗೆ ಹೊರುವ ಕೆಲಸಕ್ಕೆ ಸೇರಿದೆ.

ಅಂಕಗಳ ಲೆಕ್ಕವನ್ನು ಮಾಡಿದ್ದು ಆ ಶೆಡ್ಡಿನಲ್ಲಿ. ಪ್ರಶ್ನೆಗಳು 180, ಸರಿ ಉತ್ತರಕ್ಕೆ 4, ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಯಾವುದನ್ನೂ ಖಾಲಿ ಬಿಡಬಾರದೆಂದು ನಮಗೆ ಒಂದನೇ ತರಗತಿಯಿಂದ ಕಲಿಸಿದ್ದರು. ಪಬ್ಲಿಕ್ ಪರೀಕ್ಷೆಯಲ್ಲಿ ಏನಾದರೂ ಬರೆದರೆ ಅರ್ಧ ಅಂಕವಾದರೂ ಸಿಗುತ್ತದೆ. ಹಾಗಾಗಿ ನಾನು ನೂರ ಎಂಬತ್ತಕ್ಕೂ ಗುರುತು ಹಾಕಿ ಬಂದಿದ್ದೆ. 70 ಸರಿಯಾಗಿ 110 ತಪ್ಪಾಗಿದ್ದವು. 280ರಲ್ಲಿ 110 ಹೋಗಿ 170 ಉಳಿದಿತ್ತು. ತಿಳಿಯದ 110ನ್ನು ಮುಟ್ಟದೆ ಎದ್ದು ಬಂದಿದ್ದರೆ 280 ಉಳಿಯುತ್ತಿತ್ತು. ಈ ಮಾತನ್ನು ಪರೀಕ್ಷೆಗೆ ಮುನ್ನ ಹೇಳುವವರು ನಮ್ಮ ಸುತ್ತಮುತ್ತ ಒಬ್ಬರೂ ಇರಲಿಲ್ಲ. ಜೀವಶಾಸ್ತ್ರ ನನಗೆ ಗೊತ್ತಿತ್ತು, ಆದರೆ ಆ ಪರೀಕ್ಷೆ ನನಗೆ ಗೊತ್ತಿರಲಿಲ್ಲ.

ಉಚಿತ ವಸತಿ ತರಬೇತಿಯ ಸುದ್ದಿ ಬಂದಿದ್ದೂ ಅದೇ ಉಪನ್ಯಾಸಕರಿಂದ. ಬೆಂಗಳೂರಿನ ಹೊರವಲಯದಲ್ಲಿ ಒಂದು ಟ್ರಸ್ಟ್, ಪಿಯು ಮುಗಿಸಿದ ಬಡಮಕ್ಕಳಿಗೆ ಒಂದು ವರ್ಷ ಊಟ, ವಸತಿ, ಪುಸ್ತಕ ಕೊಟ್ಟು ನೀಟ್‌ಗೆ ಸಿದ್ಧಗೊಳಿಸುತ್ತದೆ, ರಾಯಚೂರಿನಲ್ಲಿ ಪ್ರವೇಶ ಪರೀಕ್ಷೆ ಇದೆ ಎಂದು ಫೋನಿನಲ್ಲಿ ಹೇಳಿದರು. ಟ್ರಸ್ಟಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಅದರ ಬಗ್ಗೆ ಒಂದೆರಡು ಕಟುವಾದ ಮಾತುಗಳನ್ನೂ ಆಡುವುದಿದೆ, ಅನ್ನ ಹಾಕಿದ ಮನೆಯ ಹೆಸರು ಹಿಡಿದು ಆಡುವುದು ನನ್ನಿಂದಾಗದು. ಇಂಥ ಏರ್ಪಾಡುಗಳು ಇವೆ ಎಂಬುದು ಆಗ ನನಗೆ ತೀರ ಹೊಸದೇನೂ ಆಗಿರಲಿಲ್ಲ. ಮುದಗಲ್ಲಿನ ನವೋದಯದಲ್ಲಿ ಓದಿದ ಪರಿಚಯದ ಹುಡುಗನೊಬ್ಬ, ಇಂಥದೇ ಉಚಿತ ತರಬೇತಿ ಕೊಡುವ ದಕ್ಷಣ ಪ್ರತಿಷ್ಠಾನದ ಆಯ್ಕೆ ಪರೀಕ್ಷೆ ಬರೆಯುವ ಮಾತಾಡುತ್ತಿದ್ದ. ಆದರೆ ಅದು ಬಹುಪಾಲು ನವೋದಯದ ಮಕ್ಕಳಿಗೆ ಮೀಸಲು. ಐದನೇ ತರಗತಿಯಲ್ಲಿ ನವೋದಯದ ಪ್ರವೇಶ ಪರೀಕ್ಷೆ ಎಂಬುದೊಂದಿದೆ ಎಂದು ತಿಳಿಯದೆ ಹೋದವನು ಹದಿನೆಂಟನೇ ವಯಸ್ಸಿನಲ್ಲಿ ಇನ್ನೊಂದು ಬಾಗಿಲನ್ನೂ ಕಳೆದುಕೊಳ್ಳುತ್ತಾನೆ ಎಂಬುದು ನನಗೆ ಅರ್ಥವಾಗಿದ್ದು ಆಮೇಲೆ.

ಒಂದು ದಿನದ ಕೂಲಿ ಬಿಟ್ಟು, ರಾತ್ರಿ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ಪರೀಕ್ಷೆ ಬರೆದು, ಮರುರಾತ್ರಿ ಹಿಂದಿರುಗಿದೆ. ಹತ್ತನೇ ತರಗತಿಯ ಮಟ್ಟದ ಗಣಿತ, ವಿಜ್ಞಾನ, ಜೊತೆಗೆ ಕನ್ನಡದಲ್ಲಿ ಒಂದು ಪುಟ ಬರಹ, ಇಷ್ಟೇ ಇತ್ತು. ಆಮೇಲೆ ಇಬ್ಬರು ಸ್ವಯಂಸೇವಕರು ಮನೆ ನೋಡಲು ನಮ್ಮೂರಿಗೆ ಬಂದರು. ನಾವು ನಿಜವಾಗಿ ಬಡವರೇ ಎಂದು ಪರೀಕ್ಷಿಸುವ ಆ ಭೇಟಿ ಯಾರಿಗೂ ಹಿತವಾಗಿರುವುದಿಲ್ಲ. ಎರಡು ಕೋಣೆ, ತಗಡಿನ ಮಾಡು, ಪಡಸಾಲೆಯಲ್ಲಿ ಕಟ್ಟಿದ ಆಡು, ಇವುಗಳನ್ನು ಅವರು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದಾಗ ಅವ್ವ ಸೆರಗಿನಿಂದ ಆಡಿನ ಹಿಕ್ಕೆ ಗುಡಿಸುತ್ತಿದ್ದಳಂತೆ. ಅವರು ಹೊರಡುವಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: ‘ಅಂವಾ ಓದಾಕ ಕುಂತ್ರ ತಿಂಗಳಾ ಏನರ ಕೊಡ್ತೀರೇನ್ರಿ?’ ಅವರು ಇಲ್ಲ, ನಾವು ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಅವ್ವ ಕೇಳಿದ್ದು ಅದನ್ನಲ್ಲ ಎಂಬುದು ಅವರಿಗೆ ತಿಳಿಯಲಿಲ್ಲ. ನಾನು ಗುಳೆ ಹೋದರೆ ತಿಂಗಳಿಗೆ ಏಳೆಂಟು ಸಾವಿರ ಮನೆಗೆ ಬರುತ್ತಿತ್ತು, ಅದು ನಿಲ್ಲುತ್ತಿತ್ತು. ತರಬೇತಿಯ ಬೆಲೆ ನಮ್ಮ ಪಾಲಿಗೆ ಅದೇ ಆಗಿತ್ತು, ಮತ್ತು ಅದನ್ನು ಉಚಿತ ಎಂದು ಯಾರೂ ಮಾಡಿಕೊಟ್ಟಿರಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಆಗ ಪ್ರಥಮ ಪಿಯುಗೆ ಅರ್ಜಿ ಹಾಕಿದ್ದಳು. ಅವಳು ಅದನ್ನು ಬಿಟ್ಟು ಹೊಲದ ಕೂಲಿಗೆ ನಿಂತಳು. ಮನೆಯಲ್ಲಿ ಈ ಕುರಿತು ಚರ್ಚೆಯೇನೂ ನಡೆದಂತೆ ನನಗೆ ನೆನಪಿಲ್ಲ.

ಜುಲೈ ನಡುವಿನಲ್ಲಿ ನಾನು ಸೇರಿದಾಗ ನಾವು 40 ಮಂದಿ ಇದ್ದೆವು. ಬೀದರ್, ಯಾದಗಿರಿ, ವಿಜಯಪುರ, ಚಾಮರಾಜನಗರ, ಹೀಗೆ ರಾಜ್ಯದ ಎಲ್ಲ ಮೂಲೆಗಳವರು. ಬೆಳಿಗ್ಗೆ ಐದೂವರೆಗೆ ಏಳುವುದು, ಎಂಟರಿಂದ ಒಂದರವರೆಗೆ ಪಾಠ, ಮಧ್ಯಾಹ್ನ ಲೆಕ್ಕಗಳ ಅಭ್ಯಾಸ, ರಾತ್ರಿ ಹತ್ತೂವರೆಯವರೆಗೆ ಸ್ವಂತ ಓದು, ಭಾನುವಾರ ಮೂರು ತಾಸಿನ ಪರೀಕ್ಷೆ. ಊಟಕ್ಕೆ ಅನ್ನ ಸಾರು, ವಾರಕ್ಕೆರಡು ದಿನ ಮುದ್ದೆ. ಜೋಳದ ರೊಟ್ಟಿಯಿಲ್ಲದೆ ನಮ್ಮ ಕಡೆಯವರಿಗೆ ಹೊಟ್ಟೆ ತುಂಬಿದ ಹಾಗೆಯೇ ಅನ್ನಿಸುತ್ತಿರಲಿಲ್ಲ. ಯಾದಗಿರಿಯ ಗೆಳೆಯನ ತಾಯಿ ಕಳಿಸಿದ ಖಡಕ್ ರೊಟ್ಟಿಯ ಗಂಟು ಬಂದ ದಿನ ನಾವು ಏಳು ಮಂದಿ ಅಡುಗೆಮನೆಗೆ ಹೋಗಲಿಲ್ಲ.

ನನ್ನ ದೊಡ್ಡ ತೊಡಕು ಭಾಷೆಯದಾಗಿತ್ತು. ಹತ್ತನೇ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ಪಿಯು ವಿಜ್ಞಾನಕ್ಕೆ ಸೇರಿದ ದಿನವೇ ಇಂಗ್ಲಿಷಿಗೆ ಬಿದ್ದಿದ್ದೆ. ಎರಡು ವರ್ಷ ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಇಂಗ್ಲಿಷಿನಲ್ಲಿ ಉರು ಹೊಡೆದು ಬರೆಯುತ್ತಿದ್ದೆ. ರಾಜ್ಯದ ಸರ್ಕಾರಿ ಸೀಟುಗಳಿಗೂ ನೀಟ್ ಕಡ್ಡಾಯವಾದ 2017ರಿಂದಲೇ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರತೊಡಗಿತ್ತು, ಆದ್ದರಿಂದ ಮೊದಲ ಸಲ ನಾನು ಕನ್ನಡವನ್ನೇ ಆಯ್ದುಕೊಂಡಿದ್ದೆ. ಕೈಗೆ ಬಂದ ಪುಸ್ತಿಕೆಯಲ್ಲಿ ಪ್ರತಿ ಪ್ರಶ್ನೆಯೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇತ್ತು. ಕನ್ನಡದ್ದನ್ನು ಓದಿದರೆ ಪಿಯುನಲ್ಲಿ ಕಲಿತ ಪದ ಅಲ್ಲಿಲ್ಲ. ಇಂಗ್ಲಿಷಿನದನ್ನು ಓದಿದರೆ ಪದ ಇದೆ, ವಾಕ್ಯ ಅರ್ಥವಾಗುವುದಿಲ್ಲ. ಎರಡರ ನಡುವೆ ಓಡಾಡುವುದರಲ್ಲೇ ಸಮಯ ಹೋಗಿತ್ತು. ಇಷ್ಟಕ್ಕೂ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನಲ್ಲಿರುವುದೇ ಅಂತಿಮ ಎಂಬುದು ಪರೀಕ್ಷೆಯ ನಿಯಮ.

ತರಬೇತಿಯಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಮೇಡಂ ಸ್ವತಃ ಕನ್ನಡ ಮಾಧ್ಯಮದಿಂದ ಬಂದವರು. ಅವರು ಕನ್ನಡ ಬಿಡು ಎಂದೂ ಹೇಳಲಿಲ್ಲ, ಹಿಡಿ ಎಂದೂ ಹೇಳಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆಸಿ, ಎಡಕ್ಕೆ ಶಾಲೆಯಲ್ಲಿ ಕಲಿತ ಮಾತು, ಬಲಕ್ಕೆ ಪಿಯು ಪುಸ್ತಕದ ಮಾತು ಬರೆಯಿರಿ ಎಂದರು. ವೇಗೋತ್ಕರ್ಷದ ಎದುರು ಆಕ್ಸಿಲರೇಷನ್, ಸಂವೇಗದ ಎದುರು ಮೊಮೆಂಟಮ್, ಜಡತ್ವದ ಎದುರು ಇನರ್ಷಿಯಾ, ದ್ಯುತಿಸಂಶ್ಲೇಷಣೆಯ ಎದುರು ಫೋಟೊಸಿಂಥೆಸಿಸ್, ಪತ್ರಹರಿತ್ತಿನ ಎದುರು ಕ್ಲೋರೊಫಿಲ್. ಮೊದಲ ವಾರದಲ್ಲೇ ನನಗೆ ಒಂದು ಸಂಗತಿ ಹೊಳೆಯಿತು: ನಾನು ಹೊಸದೆಂದು ಹೆದರಿದ್ದ ಪಾಠಗಳಲ್ಲಿ ಎಷ್ಟೋ ಪಾಲು ಒಂಬತ್ತನೇ, ಹತ್ತನೇ ತರಗತಿಯಲ್ಲಿ ಚೆನ್ನಾಗಿಯೇ ಕಲಿತವಾಗಿದ್ದವು. ಎರಡು ಹೆಸರಿನ ಒಂದೇ ವಸ್ತುವನ್ನು ನಾನು ಎರಡು ವಸ್ತುಗಳೆಂದು ಎರಡು ವರ್ಷ ಓದಿದ್ದೆ. ಡಿಸೆಂಬರ್ ಹೊತ್ತಿಗೆ ಆ ನೋಟ್‌ಬುಕ್ಕು ತುಂಬಿ ಎರಡನೆಯದು ಶುರುವಾಗಿತ್ತು, ಮತ್ತು ಭಾನುವಾರದ ಪರೀಕ್ಷೆಯನ್ನು ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಇಂದು ಯಾರಾದರೂ ಆ ವರ್ಷದಿಂದ ಒಂದೇ ಒಂದನ್ನು ಎತ್ತಿ ತೋರಿಸು ಎಂದರೆ ಆ ಗೆರೆ ಎಳೆದ ನೋಟ್‌ಬುಕ್ಕನ್ನು ತೋರಿಸುತ್ತೇನೆ. ದುಬಾರಿ ಕೋಚಿಂಗ್ ಸಂಸ್ಥೆಗಳ ದಪ್ಪ ದಪ್ಪ ಮಾಡ್ಯೂಲುಗಳು ನನಗೆ ಅದರ ಅರ್ಧದಷ್ಟೂ ಕೆಲಸಕ್ಕೆ ಬರಲಿಲ್ಲ.

ಎರಡನೆಯ ಪಾಠ, ಬಿಡುವುದನ್ನು ಕಲಿಯುವುದು. ಭಾನುವಾರದ ಪರೀಕ್ಷೆಯ ಉತ್ತರ ಹಾಳೆಯನ್ನು ಸೋಮವಾರ ನಾವೇ ತಿದ್ದಿ, ಪ್ರತಿ ತಪ್ಪಿನ ಮುಂದೆ ಮೂರರಲ್ಲಿ ಒಂದು ಅಕ್ಷರ ಬರೆಯಬೇಕಿತ್ತು. ಗೊತ್ತಿಲ್ಲದೆ ಹಾಕಿದ್ದಕ್ಕೆ ‘ಗೊ’, ಗೊತ್ತಿದ್ದೂ ಅವಸರದಲ್ಲಿ ಕೆಟ್ಟದ್ದಕ್ಕೆ ‘ಅ’, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ ಹೋದದ್ದಕ್ಕೆ ‘ಭಾ’. ಆಗಸ್ಟಿನಲ್ಲಿ ನನ್ನ ಹಾಳೆಯ ತುಂಬ ‘ಗೊ’ ಮತ್ತು ‘ಭಾ’ ಇದ್ದವು. ‘ಗೊ’ ಕಡಿಮೆಯಾಗಲು ಓದಿಗಿಂತ ಮೊದಲು ಬೇಕಾದದ್ದು, ಖಾಲಿ ಬಿಟ್ಟ ವೃತ್ತವನ್ನು ನೋಡಿದಾಗ ಆಗುವ ಸಂಕಟವನ್ನು ತಡೆದುಕೊಳ್ಳುವ ಶಕ್ತಿ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹಿತ್ತಲ ಹೀರೆಕಾಯಿಯಿಂದ ಹಿಡಿದು ಗದ್ದೆಯ ಬದುವಿನ ಹುಲ್ಲಿನವರೆಗೆ ಏನನ್ನೂ ವ್ಯರ್ಥ ಮಾಡದ ಮನೆಯಲ್ಲಿ ಬೆಳೆದವನಿಗೆ, ಕೈಗೆ ಬಂದ ಪ್ರಶ್ನೆಯನ್ನು ಹಾಗೇ ಬಿಟ್ಟು ಏಳುವುದು ಸುಲಭವಲ್ಲ.

ಭೌತಶಾಸ್ತ್ರ ಕೊನೆಯವರೆಗೂ ನನಗೆ ಒಲಿಯಲಿಲ್ಲ. ಅದಕ್ಕೆ ಬೇಕಾದ ಗಣಿತದ ತಳಹದಿ ಪಿಯುನಲ್ಲಿಯೇ ಬೀಳಬೇಕಿತ್ತು, ಹತ್ತು ತಿಂಗಳಲ್ಲಿ ಅದನ್ನು ತುಂಬಲಾಗಲಿಲ್ಲ. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ ತಪ್ಪದೆ ನಡೆ, ಭೌತಶಾಸ್ತ್ರದ 45ರಲ್ಲಿ ತಿಳಿದಷ್ಟು ಮಾತ್ರ ಮುಟ್ಟು ಎಂದು ಮೇಷ್ಟ್ರು ಜನವರಿಯಲ್ಲೇ ನನಗೆ ಹೇಳಿಬಿಟ್ಟಿದ್ದರು. ಎನ್‌ಸಿಇಆರ್‌ಟಿಯ ಜೀವಶಾಸ್ತ್ರ ಪುಸ್ತಕದ ಒಂದು ಸಾಲನ್ನೂ ಬಿಡದೆ, ಚಿತ್ರದ ಕೆಳಗಿನ ಬರಹವನ್ನೂ ಸೇರಿಸಿ ಐದು ಸಲ ಓದಿದೆ.

ದಸರಾ ರಜೆಗೆ ಊರಿಗೆ ಹೋದ 40 ಮಂದಿಯಲ್ಲಿ 34 ಮಂದಿ ಮರಳಿ ಬಂದರು. ಒಬ್ಬಳಿಗೆ ಮದುವೆ ಗೊತ್ತಾಗಿತ್ತು, ಒಬ್ಬನ ತಂದೆಗೆ ಪಾರ್ಶ್ವವಾಯು, ಉಳಿದವರು ಕೆಲಸಕ್ಕೆ ನಿಂತಿದ್ದರು. ಓದಲಾಗದೆ ಬಿಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಮದುವೆ ಗೊತ್ತಾದವಳು ಭಾನುವಾರದ ಪರೀಕ್ಷೆಗಳಲ್ಲಿ ನಮಗೆಲ್ಲ ಮುಂದಿದ್ದಳು. ನಾನು ಹೋದಾಗ ನಮ್ಮ ಕಡೆ ಹತ್ತಿ ಬಿಡಿಸುವ ಕೆಲಸ ಆರಂಭವಾಗಿತ್ತು. ಹತ್ತಿ ಬಿಡಿಸುವುದಕ್ಕೆ ಕಿಲೊ ಲೆಕ್ಕದಲ್ಲಿ ಕೂಲಿ, ಒಣಗಿದ ಹತ್ತಿಕಾಯಿಯ ಚೂಪು ತುದಿ ಉಗುರಿನ ಬುಡಕ್ಕೆ ಚುಚ್ಚುತ್ತದೆ. ತಂಗಿಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಅವಳು ನನ್ನ ಎರಡು ಕಾಲಮಿನ ನೋಟ್‌ಬುಕ್ಕನ್ನು ರಾತ್ರಿ ತಿರುವಿ ಹಾಕುತ್ತ, ಬಲಗಡೆಯದನ್ನು ಕೈಯಿಂದ ಮುಚ್ಚಿ ಎಡಗಡೆಯ ಪದಗಳನ್ನು ಒಂದೊಂದಾಗಿ ಓದಿ, ಅದರ ಇಂಗ್ಲಿಷ್ ಏನೆಂದು ನನ್ನನ್ನೇ ಕೇಳಿದಳು. ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತುವಾಗ ಹೊಲಕ್ಕೆ ಹೋಗಿ ಆಗಿತ್ತು ಅವಳು.

2019ರ ಮೇ 5, ಭಾನುವಾರ, ಬೆಂಗಳೂರಿನ ಒಂದು ಕೇಂದ್ರದಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಎರಡನೇ ಸಲ ಪರೀಕ್ಷೆ ಬರೆದೆ. ತುಂಬುತೋಳಿನ ಅಂಗಿ, ಬೂಟು, ಗಡಿಯಾರ ಏನೂ ಇರಬಾರದು, ಪೆನ್ನು ಕೂಡ ಅವರೇ ಕೊಡುತ್ತಾರೆ. ಅರ್ಧತೋಳಿನ ಅಂಗಿ ಮತ್ತು ಚಪ್ಪಲಿಯ ನಿಯಮಕ್ಕೆ ಹೊಂದಿಕೊಳ್ಳಲು ನಮಗೆ ಯಾವ ತಯಾರಿಯೂ ಬೇಕಿರಲಿಲ್ಲ. ಅದೇ ದಿನ ಉತ್ತರ ಕರ್ನಾಟಕದಿಂದ ಬರುತ್ತಿದ್ದ ರೈಲೊಂದು ತಾಸುಗಟ್ಟಲೆ ತಡವಾಗಿ, ಅದರಲ್ಲಿದ್ದ ನೂರಾರು ವಿದ್ಯಾರ್ಥಿಗಳು ಒಂದೂವರೆಗೆ ಮುಚ್ಚುವ ಗೇಟಿಗೆ ತಲುಪಲಾಗದೆ ಹೋದರು. ಸುದ್ದಿ ದೊಡ್ಡದಾಗಿ, ಅವರಿಗೆ ಮೇ 20ರಂದು ಮತ್ತೆ ಪರೀಕ್ಷೆ ನಡೆಸಲಾಯಿತು. ಹೊರಬಂದು ಆ ಸುದ್ದಿ ಕೇಳಿದಾಗ, ನಾನು ಊರಿನಲ್ಲೇ ಇದ್ದು ಓದಿದ್ದರೆ ಹೀಗೆಯೇ ಯಾವುದೋ ರಾತ್ರಿಯ ಗಾಡಿಯನ್ನು ನಂಬಿಕೊಂಡು ಹೊರಟಿರುತ್ತಿದ್ದೆನೆಂದು ಅನ್ನಿಸಿತು.

ಜೂನ್ 5ರಂದು ಫಲಿತಾಂಶ ಬಂತು: 412. ಜೀವಶಾಸ್ತ್ರದಲ್ಲಿ 268, ರಸಾಯನಶಾಸ್ತ್ರದಲ್ಲಿ 88, ಭೌತಶಾಸ್ತ್ರದಲ್ಲಿ 56. ಉತ್ತರಿಸಿದ್ದು 138, ಸರಿ 110, ತಪ್ಪು 28, ಖಾಲಿ ಬಿಟ್ಟಿದ್ದು 42. ಹಿಂದಿನ ವರ್ಷ ತಪ್ಪಾದ ಸಂಖ್ಯೆಯೇ ಈ ವರ್ಷ ಸರಿಯಾದ ಸಂಖ್ಯೆಯಾಗಿ ಬಂದಿದ್ದು ಕಾಕತಾಳೀಯವಾದರೂ ಅದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಆದರೆ ಈ ಅಂಕ ಸೀಟಾಗಬೇಕಾದರೆ ಕಾಗದಗಳು ಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ದಾಖಲೆ ಪರಿಶೀಲನೆಗೆ ಒಯ್ಯಬೇಕಾದ ಕಡತವನ್ನು ನೋಡಿದರೆ, ಬಡವನೊಬ್ಬ ತಾನು ಬಡವನೆಂದು, ಹಳ್ಳಿಯವನೆಂದು, ಕನ್ನಡದಲ್ಲಿ ಓದಿದವನೆಂದು ಎಷ್ಟು ಸಹಿಗಳಿಂದ ಸಾಬೀತು ಮಾಡಬೇಕು ಎಂಬುದು ತಿಳಿಯುತ್ತದೆ. ನಾಡಕಚೇರಿಯಿಂದ ನಮೂನೆ-ಡಿ ಜಾತಿ ಪ್ರಮಾಣ ಪತ್ರ. ವಿದ್ಯಾರ್ಥಿವೇತನಕ್ಕಾಗಿ ಆದಾಯ ಪ್ರಮಾಣ ಪತ್ರ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದಕ್ಕೆ ಒಂದು, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇನ್ನೊಂದು, ಎರಡಕ್ಕೂ ಮುಖ್ಯೋಪಾಧ್ಯಾಯರ ಸಹಿ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಕಲ್ಯಾಣ ಕರ್ನಾಟಕದವರಾದರೆ 371ಜೆ ಅಡಿಯ ಅರ್ಹತಾ ಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿ. ಈ ಕೊನೆಯದು ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಮುಖ್ಯ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಂದ ಆ ವಿಧಿಯಿಂದ, ನಮ್ಮ ಪ್ರದೇಶದ ಕಾಲೇಜುಗಳಲ್ಲಿ ಶೇ 70, ಉಳಿದ ರಾಜ್ಯದ ಕಾಲೇಜುಗಳಲ್ಲಿ ಶೇ 8 ಸೀಟುಗಳು ಸ್ಥಳೀಯರಿಗೆ ಸಿಗುತ್ತವೆ. ಅದರ ಜೊತೆಗೆ ಪ್ರತಿ ವರ್ಗದ ಒಳಗೆ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5.

ನನ್ನ ಜಾತಿ ಪ್ರಮಾಣ ಪತ್ರದಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಪ್ಪ’ ಇತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರಲಿಲ್ಲ. ಅದೊಂದು ಅಕ್ಷರಕ್ಕಾಗಿ ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಮೂರನೇ ಸಲ ಸಾಹೇಬರು ಸಭೆಗೆ ಹೋಗಿದ್ದರು, ನಾಲ್ಕನೇ ಸಲ ಸರ್ವರ್ ಇರಲಿಲ್ಲ. ತರಬೇತಿ ಕೇಂದ್ರದ ಸಂಯೋಜಕರು ಫೆಬ್ರುವರಿಯಲ್ಲೇ ನಮ್ಮೆಲ್ಲರ ಕಡತ ತೆರೆಸಿ, ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಈ ವ್ಯತ್ಯಾಸವನ್ನು ಹಿಡಿದಿದ್ದರಿಂದ ನನಗೆ ಅಲೆಯಲು ನಾಲ್ಕು ತಿಂಗಳು ಸಿಕ್ಕವು. ಇದು ಜೂನಿನಲ್ಲಿ ಗೊತ್ತಾಗಿದ್ದರೆ 412 ಅಂಕ ಸಾಮಾನ್ಯ ವರ್ಗದ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಉಳಿಯುತ್ತಿತ್ತು. ಪಾಠ ಹೇಳಿದ ಮೇಷ್ಟ್ರುಗಳಷ್ಟೇ ಋಣ ನನಗೆ ಆ ಸಂಯೋಜಕರದ್ದೂ ಇದೆ. ಚಾಮರಾಜನಗರದ ಗೆಳೆಯನ ಪಾಡು ಬೇರೆ. ಅವನು ಎಂಟರಿಂದ ಹತ್ತರವರೆಗೆ ತಾಲ್ಲೂಕು ಕೇಂದ್ರದ ಹಾಸ್ಟೆಲಿನಲ್ಲಿದ್ದು ಪುರಸಭೆ ವ್ಯಾಪ್ತಿಯ ಶಾಲೆಯಲ್ಲಿ ಓದಿದ್ದ. ಹಳ್ಳಿಯಲ್ಲಿ ಪ್ರೌಢಶಾಲೆ ಇಲ್ಲವೆಂದೇ ಹಾಸ್ಟೆಲಿಗೆ ಹೋದವನಿಗೆ ಅದೇ ಕಾರಣದಿಂದ ಗ್ರಾಮೀಣ ಮೀಸಲಾತಿ ಇಲ್ಲವಾಯಿತು.

ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಪ್ರಾಧಿಕಾರದ ಕಚೇರಿಯಲ್ಲಿ ಪರಿಶೀಲನೆ ಮುಗಿದ ಮೇಲೆ ಕಾಲೇಜುಗಳ ಆದ್ಯತಾ ಪಟ್ಟಿ ತುಂಬುವ ಕೆಲಸ. ರಾಯಚೂರು, ಕೊಪ್ಪಳ, ಬಳ್ಳಾರಿ, ಕಲಬುರಗಿ, ಬೀದರ್ ಎಂದು ಊರಿಗೆ ಹತ್ತಿರದ ಕ್ರಮದಲ್ಲಿ ಹಾಕಿದೆ. ಅಣಕು ಹಂಚಿಕೆ, ಆಮೇಲೆ ನಿಜವಾದ ಹಂಚಿಕೆ, ಆಮೇಲೆ ನಾಲ್ಕು ಆಯ್ಕೆಗಳು: ಒಪ್ಪಿ ಸೇರುವುದು, ಒಪ್ಪಿಯೂ ಮುಂದಿನ ಸುತ್ತಿಗೆ ಕಾಯುವುದು, ಒಪ್ಪದೆ ಕಾಯುವುದು, ಹೊರಹೋಗುವುದು. ಮೊದಲ ಸುತ್ತಿನಲ್ಲೇ ನಮ್ಮ ಭಾಗದ ಒಂದು ಸರ್ಕಾರಿ ಕಾಲೇಜು ಸಿಕ್ಕಿತು, ಮೊದಲ ಆಯ್ಕೆಯನ್ನೇ ಒತ್ತಿದೆ. ಆದಾಯ ₹2.5 ಲಕ್ಷದ ಮಿತಿಯೊಳಗಿದ್ದುದರಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುಲ್ಕದ ಭಾರವನ್ನು ಬಹುಮಟ್ಟಿಗೆ ಹೊತ್ತಿತು. ಈ ಸಲ ಅಪ್ಪ ಸಿಹಿ ಹಂಚಲಿಲ್ಲ. ಪ್ರವೇಶದ ರಸೀದಿ ಕಣ್ಣಿಂದ ನೋಡುವ ತನಕ ಬೇಡ ಎಂದ, ನೋಡಿದ ಮೇಲೆ ಮರೆತ.

ನಮ್ಮ ತಂಡದ 34 ಮಂದಿಯಲ್ಲಿ ಆ ವರ್ಷ 9 ಮಂದಿಗೆ ಎಂಬಿಬಿಎಸ್ ಸೀಟು ಸಿಕ್ಕಿತು. ಟ್ರಸ್ಟಿನವರು ಒಂಬತ್ತು ಮಂದಿಗೂ ಹಾರ ಹಾಕಿ ಚಿತ್ರ ತೆಗೆಸಿ, ಅದನ್ನು ದೊಡ್ಡ ಫಲಕವಾಗಿ ಬಾಗಿಲಲ್ಲಿ ನಿಲ್ಲಿಸಿದರು. ಉಳಿದ 25 ಮಂದಿ ಏನಾದರು ಎಂಬುದು ಎಲ್ಲೂ ಬರೆದಿಲ್ಲ. ನನಗೆ ತಿಳಿದಂತೆ ಕೆಲವರು ನರ್ಸಿಂಗ್, ಕೆಲವರು ಆಯುರ್ವೇದ, ಕೆಲವರು ಕೃಷಿ ಬಿಎಸ್ಸಿ ಸೇರಿದರು, ಮೂವರು ಮತ್ತೆ ಗುಳೆ ಹೋದರು. ಫಲಕದಲ್ಲಿದ್ದ ಒಂಬತ್ತು ಮಂದಿಯ ಕಥೆಯೂ ಅಲ್ಲಿಗೆ ಮುಗಿದಿರಲಿಲ್ಲ. ನಮ್ಮದು ಹೊಸ ಸಾಮರ್ಥ್ಯ ಆಧಾರಿತ ಪಠ್ಯಕ್ರಮದ ಮೊದಲ ತಂಡ. ಆರಂಭದ ಒಂದು ತಿಂಗಳ ಬುನಾದಿ ತರಗತಿಗಳಲ್ಲಿ ಇಂಗ್ಲಿಷ್ ಮಾತಾಡಲು, ಕಂಪ್ಯೂಟರ್ ಬಳಸಲು ಹೇಳಿಕೊಟ್ಟರು, ಅದು ಮುಗಿದ ಮೇಲೆ ಅಂಗರಚನಾಶಾಸ್ತ್ರದ ಸಮುದ್ರ. ನಾಲ್ಕರಲ್ಲಿ ಒಂದನ್ನು ಆರಿಸುವುದರಲ್ಲಿ ಪಳಗಿದ್ದ ನಾನು, ತೋಳಿನ ನರಜಾಲವನ್ನು ಕುರಿತು ಮೂರು ಪುಟ ಬರೆಯಿರಿ ಎಂದಾಗ ಹತ್ತು ಸಾಲು ಬರೆದು ಕುಳಿತೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಮೂರೂ ವಿಷಯಗಳಲ್ಲಿ ಅನುತ್ತೀರ್ಣನಾದೆ. ಇಂಗ್ಲಿಷ್ ವಾಕ್ಯವನ್ನು ಗುರುತಿಸಲು ಕಲಿತಿದ್ದೆ, ಕಟ್ಟಲು ಕಲಿತಿರಲಿಲ್ಲ. ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದಾಗ ಅವರು ಹೊಸ ತಂಡದ ಪಾಠದಲ್ಲಿ ಮುಳುಗಿದ್ದರು. ಚೆನ್ನಾಗಿ ಓದು, ನೀನು ನಮ್ಮ ಹೆಮ್ಮೆ ಎಂದರು. ನನ್ನ ಕಟುವಾದ ಮಾತು ಇಷ್ಟೇ: ಬಾಗಿಲಿನವರೆಗೆ ಕರೆದೊಯ್ಯುವವರು ಹೊಸ್ತಿಲು ದಾಟಿದ ಮೇಲೂ ಒಂದು ವರ್ಷ ಕೈ ಬಿಡಬಾರದು, ಏಕೆಂದರೆ ಮುಗ್ಗರಿಸುವುದು ಅಲ್ಲಿಯೇ. ನನ್ನನ್ನು ಎತ್ತಿ ನಿಲ್ಲಿಸಿದವನು ಒಬ್ಬ ಹಿರಿಯ ವಿದ್ಯಾರ್ಥಿ, ಅವನೂ ಕನ್ನಡ ಮಾಧ್ಯಮದವನು. ಪ್ರತಿ ರಾತ್ರಿ ಒಂದು ಉತ್ತರ ಬರೆಸಿ ತಿದ್ದುತ್ತಿದ್ದ. ಮತ್ತೆ ಗೆರೆ ಎಳೆದ ನೋಟ್‌ಬುಕ್ಕೇ ಬಂತು. ಎಡಗಡೆ ಈಗ ಇಂಗ್ಲಿಷ್ ಪದ, ಬಲಗಡೆ ಆ ಪದ ಬಳಸಿ ನಾನೇ ಕಟ್ಟಿದ ವಾಕ್ಯ.

2020ರ ಏಪ್ರಿಲಿನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ರಾಜ್ಯ ಸರ್ಕಾರ ಗೆಟ್‌ಸೆಟ್‌ಗೋ ಎಂಬ ಹೆಸರಿನಲ್ಲಿ ಸಿಇಟಿ, ನೀಟ್ ಪಾಠಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಒದಗಿಸಿತು. ಆಗ ಊರಿಗೆ ಮರಳಿದ್ದ ನಾನು ಪಿಯು ಹುಡುಗರು ನಾಲ್ಕು ಮಂದಿಯನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು, ಒಂದೇ ಫೋನಿನಲ್ಲಿ ಆ ವಿಡಿಯೊಗಳನ್ನು ತೋರಿಸಿದೆ. ಪಾಠಗಳೇನೂ ಕೆಟ್ಟದಾಗಿರಲಿಲ್ಲ. ಆದರೆ ಮೇ ತಿಂಗಳಲ್ಲಿ ಉದ್ಯೋಗ ಖಾತರಿಯ ಕೆಲಸ ಶುರುವಾದ ಮೇಲೆ ನಾಲ್ವರಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದರು. ಪಾಠ ಸಿಗದ ಕಾರಣಕ್ಕೆ ನಮ್ಮವರು ಹಿಂದುಳಿಯುತ್ತಾರೆ ಎಂದು ನಾನು ಅಲ್ಲಿಯವರೆಗೂ ಅರ್ಧದಷ್ಟಾದರೂ ನಂಬಿದ್ದೆ, ಆ ನಂಬಿಕೆ ಆಗ ಹೋಯಿತು. ವಸತಿ ತರಬೇತಿ ನನಗೆ ಕೊಟ್ಟ ಮುಖ್ಯ ವಸ್ತು, ಕೂಲಿಯ ಕರೆ ಕೇಳಿಸದಷ್ಟು ದೂರದಲ್ಲಿ ಕಳೆದ ಹತ್ತು ತಿಂಗಳು. ಆ ಹತ್ತು ತಿಂಗಳ ಬಾಡಿಗೆಯನ್ನು ಕಟ್ಟಿದವಳು ತಂಗಿ. ಅವಳು ಮುಂದೆ ಖಾಸಗಿಯಾಗಿ ಪಿಯು ಕಲಾ ವಿಭಾಗ ಮುಗಿಸಿ, ಈಗ ನಮ್ಮೂರಿನಲ್ಲಿ ಆಶಾ ಕಾರ್ಯಕರ್ತೆಯಾಗಿದ್ದಾಳೆ. ನನ್ನ ಸ್ಟೆತೊಸ್ಕೋಪ್ ಕಿವಿಗಿಟ್ಟುಕೊಂಡು ಆಡಿನ ಎದೆಬಡಿತ ಕೇಳಿಸಿಕೊಂಡು ನಕ್ಕಿದ್ದು ಬಿಟ್ಟರೆ, ಆ ವರ್ಷದ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಇಂಟರ್ನ್‌ಶಿಪ್ ಮುಗಿಸಿದ 2025ರಲ್ಲಿ ಅದೇ ಟ್ರಸ್ಟ್ ಮನೆ ಭೇಟಿಗೆ ಸ್ವಯಂಸೇವಕರು ಬೇಕೆಂದು ಕೇಳಿತು, ಒಪ್ಪಿದೆ. ಭೇಟಿಯ ನಮೂನೆಯಲ್ಲಿ ಮಾಡು ತಗಡಿನದೋ ಹೆಂಚಿನದೋ, ಜಮೀನು ಎಷ್ಟು, ದನಕರು ಎಷ್ಟು ಎಂಬ ಕಾಲಮುಗಳು ಹಾಗೆಯೇ ಇದ್ದವು. ಇನ್ನೊಂದು ಕಾಲಮು ಸೇರಿಸಲು ನಾನು ಕೇಳಿಕೊಂಡೆ, ಸ್ವಲ್ಪ ವಾದವಾದ ಮೇಲೆ ಸೇರಿಸಿದರು: ಈ ವಿದ್ಯಾರ್ಥಿ ಬಂದರೆ ಮನೆಯಲ್ಲಿ ಇವರ ಕೆಲಸವನ್ನು ಯಾರು ಮಾಡುತ್ತಾರೆ? ಆ ಕಾಲಮಿನಲ್ಲಿ ಬಂದ ಉತ್ತರ ನೋಡಿ ಕೆಲವು ಮನೆಗಳಿಗೆ ತಿಂಗಳಿಗೆ ಇಷ್ಟು ಎಂದು ಕಳಿಸುವ ಬಗ್ಗೆ ಅವರು ಯೋಚಿಸುತ್ತಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಭೇಟಿ ದೇವದುರ್ಗ ತಾಲ್ಲೂಕಿನ ಒಂದು ಊರಿನಲ್ಲಿತ್ತು. ಮನೆಗೆ ಬೀಗ ಹಾಕಿತ್ತು. ಅವರು ಬೆಂಗಳೂರಿನಲ್ಲಿದ್ದಾರೆಂದು ಪಕ್ಕದವರು ಹೇಳಿ ಫೋನ್ ನಂಬರ್ ಕೊಟ್ಟರು. ಮರುವಾರ ಬೆಂಗಳೂರಿನ ಕಟ್ಟಡವೊಂದರ ಶೆಡ್ಡಿನಲ್ಲಿ ಆ ಹುಡುಗಿಯನ್ನು ಕಂಡೆವು. ಪಿಯುನಲ್ಲಿ ಜೀವಶಾಸ್ತ್ರಕ್ಕೆ 91 ಬಂದಿತ್ತು, ಕೈಗೆ ಸಿಮೆಂಟು ಮೆತ್ತಿತ್ತು. ಎಲ್ಲ ಕಾಲಮುಗಳನ್ನು ತುಂಬಿ ಕೊನೆಯದಕ್ಕೆ ಬಂದಾಗ ಅವಳು ತಾಯಿಯ ಮುಖ ನೋಡಿದಳು. ತಾಯಿ ‘ಇವನ’ ಎಂದು ಮೂಲೆಯಲ್ಲಿ ಕುಳಿತು ನೀರಿನ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದ ಮಗನನ್ನು ತೋರಿಸಿದಳು.

‘ಯಾವ ಕ್ಲಾಸ್ ಓದ್ತಿದ್ದಾನ್ರಿ?’

‘ಒಂಬತ್ತು.’

ನಾನು ಅದನ್ನು ಬರೆದುಕೊಂಡೆ.